ಕಾರಿನ ಕಂಪನ ಅಳೆಯುವುದು: ಆ ಶಿಖರ ಎಲ್ಲಿಂದ ಬಂತು?

ಕಾರಿಗೆ ಸೆನ್ಸರ್ ವಿನ್ಯಾಸ ಮಾಡುವವರಿಗೆ ಅದು ಕೂರುವ ಜಾಗ ಎಷ್ಟು ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಎಷ್ಟು ಸಲ) ಅದುರುತ್ತದೆ ಎಂಬುದು ಮೊದಲು ಬೇಕು. ಅಳೆಯುವುದು ಸುಲಭ. ಗ್ರಾಫಿನಲ್ಲಿ ಎದ್ದ ಶಿಖರ ಎಂಜಿನ್‌ದೋ, ಗಾಲಿಯದೋ, ಸೆನ್ಸರ್ ಕೂರಿಸಲು ನೀವೇ ಹಚ್ಚಿದ ಪಟ್ಟಿಯದೋ ಎಂದು ಹೇಳುವುದು ಕಷ್ಟ.

ಕಂಪನ ಅಳೆಯುವ ಎಡಿಎಕ್ಸ್‌ಎಲ್345 ಸೆನ್ಸರ್ ಬೋರ್ಡ್, ಅದನ್ನು ಓದುವ ಇಎಸ್‌ಪಿ32 ಮೈಕ್ರೋಕಂಟ್ರೋಲರ್, ಎಸ್‌ಡಿ ಕಾರ್ಡ್, ಆರ್‌ಪಿಎಂ ಓದಲು ಕಾರಿನ ಡಯಾಗ್ನೋಸ್ಟಿಕ್ ಪೋರ್ಟ್‌ಗೆ ಚುಚ್ಚುವ ಒಬಿಡಿ ಅಡಾಪ್ಟರ್ ಇದ್ದರೆ ಸಾಕು. ಸೆನ್ಸರನ್ನು ಐ2ಸಿ ಎಂಬ ಎರಡು ತಂತಿಯ ಸಂಪರ್ಕದಲ್ಲಿ ಜೋಡಿಸಿದರೆ 800 ಹರ್ಟ್ಜ್‌ಗಿಂತ (ಸೆಕೆಂಡಿಗೆ 800 ಸ್ಯಾಂಪಲ್) ಮೇಲೆ ಹೋಗಲಾಗದು. ಅದಕ್ಕಿಂತ ವೇಗದ ಎಸ್‌ಪಿಐ ಸಂಪರ್ಕದಲ್ಲಿ ಜೋಡಿಸಿ 1600ಕ್ಕೆ ಇಡಿ. ಫುಲ್ ರೆಸಲ್ಯೂಷನ್ ಬಿಟ್ ಆನ್ ಮಾಡಿದರೆ ±16 ಜಿಯಲ್ಲೂ (1 ಜಿ ಅಂದರೆ ಗುರುತ್ವದ ವೇಗವರ್ಧನೆ) ಸೂಕ್ಷ್ಮತೆ ಕಡಿಮೆಯಾಗದು. ±2 ಜಿ ಇಟ್ಟರೆ ಮಾತ್ರ ಹಂಪ್ ಬಂದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ.

ಸೆನ್ಸರ್‌ನ ಒಳಗಿನ ಫಿಫೋ ಎಂಬ ಸರದಿ ಸಂಗ್ರಹದಲ್ಲಿ 32 ಸ್ಯಾಂಪಲ್ ಹಿಡಿಯುತ್ತವೆ, ಅಂದರೆ 20 ಮಿಲಿಸೆಕೆಂಡ್. ಕಾರ್ಡ್‌ಗೆ ಬರೆಯುವಾಗ ಅಷ್ಟು ತಡವಾದರೆ ಸ್ಯಾಂಪಲ್ ಬಿಟ್ಟುಹೋಗುತ್ತವೆ. ರ‍್ಯಾಮ್‌ನಲ್ಲಿ ಬಫರ್ ಇಟ್ಟು, ಬರೆಯುವ ಕೆಲಸವನ್ನು ಇನ್ನೊಂದು ಕೋರ್‌ಗೆ ಕೊಡಿ. ಕೋಡ್‌ನಲ್ಲಿ ಡಿಲೇ ಹಾಕಿ ಸೆಕೆಂಡಿಗೆ 100 ಸಲ ಮಾತ್ರ ಓದುವುದು ಇನ್ನೂ ಕೆಟ್ಟದ್ದು. ಓದುವ ವೇಗದ ಅರ್ಧಕ್ಕಿಂತ ಮೇಲಿನ ಆವರ್ತನ ಸುಳ್ಳಾಗಿ ಕೆಳಗೆ ಕಾಣಿಸಿಕೊಳ್ಳುತ್ತದೆ: ನಾಲ್ಕು ಸಿಲಿಂಡರ್ ಎಂಜಿನ್ 2700 ಆರ್‌ಪಿಎಂನಲ್ಲಿ ಕೊಡುವ 90 ಹರ್ಟ್ಜ್ ಆಗ 10 ಹರ್ಟ್ಜ್ ಆಗಿ ಕಾಣುತ್ತದೆ. ಗಾಲಿ ಕುಣಿಯುವುದೂ 10–15 ಹರ್ಟ್ಜ್‌ನಲ್ಲೇ. ಸಸ್ಪೆನ್ಶನ್ ಮೇಲೆ ಸುಮ್ಮನೆ ಅನುಮಾನ!

ಹಚ್ಚುವುದರಲ್ಲಿ ಚೌಕಾಸಿ ಬೇಡ. ಫೋಮ್ ಟೇಪ್ ಮೇಲಿನ ಆವರ್ತನಗಳನ್ನು ನುಂಗುತ್ತದೆ. ಜೇನುಮೇಣ ಲ್ಯಾಬ್‌ಗೆ ಸರಿ, ಕಲಬುರಗಿಯ ಮೇ ಬಿಸಿಲಲ್ಲಿ ಮೆತ್ತಗಾಗಿ ಜಾರುತ್ತದೆ. ಬಣ್ಣ ಕೆರೆದು ಎಪಾಕ್ಸಿ ಹಾಕಿ, ಇಲ್ಲವೇ ಸ್ಕ್ರೂ ಬಿಗಿಯಿರಿ. ನಂತರ ಸ್ಕ್ರೂಡ್ರೈವರ್ ಹಿಡಿಕೆಯಿಂದ ಪಟ್ಟಿಯನ್ನು ಒಮ್ಮೆ ತಟ್ಟಿ ದಾಖಲಿಸಿ. ಆಗ ಬರುವುದು ಪಟ್ಟಿಯದೇ ಆವರ್ತನ. ನಿಮಗೆ ಬೇಕಾದ ಗರಿಷ್ಠ ಆವರ್ತನದ ಮೂರು ಪಟ್ಟಾದರೂ ಇರಲಿ.

ಈಗ ಓಡಿಸಿ. ಒಬ್ಬರು ಸ್ಟೇರಿಂಗ್, ಇನ್ನೊಬ್ಬರು ಲ್ಯಾಪ್‌ಟಾಪ್. ಮೊದಲು ನಿಂತಲ್ಲೇ ಐಡಲ್: 900 ಆರ್‌ಪಿಎಂಗೆ ನಾಲ್ಕು ಸಿಲಿಂಡರ್ ಆದರೆ 30 ಹರ್ಟ್ಜ್, ಮೂರಾದರೆ 22.5. ಇದು ಸರಿ ಬರದಿದ್ದರೆ ಮುಂದೆ ಹೋಗಬೇಡಿ, ನಿಮ್ಮ ಸ್ಯಾಂಪಲಿಂಗ್ ಗಡಿಯಾರವೇ ತಪ್ಪು. ಆಮೇಲೆ ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿ 60 ಕಿ.ಮೀ. ವೇಗ ಕಾಯ್ದುಕೊಂಡು ನಾಲ್ಕನೇ ಗೇರ್, ಮತ್ತೆ ಮೂರನೇ ಗೇರ್. ಶಿಖರ ಸರಿದರೆ ಎಂಜಿನ್‌ದು. ಸರಿಯದಿದ್ದರೆ ವೇಗ 50ಕ್ಕೆ ಇಳಿಸಿ: ಅದೇ ಪ್ರಮಾಣದಲ್ಲಿ ಇಳಿದದ್ದು ಗಾಲಿಯದು (1.8 ಮೀಟರ್ ಸುತ್ತಳತೆಯ ಟೈರ್ 60ರಲ್ಲಿ ಸುಮಾರು 9.3 ಹರ್ಟ್ಜ್), ಕದಲದೆ ನಿಂತದ್ದು ಬಾಡಿ, ಸಸ್ಪೆನ್ಶನ್ ಇಲ್ಲವೇ ಪಟ್ಟಿಯ ಅನುರಣನ.

ನಮ್ಮ ಕಡೆ ಕೆಳಗಿನ ಆವರ್ತನವನ್ನು ಮರೆಯುವಂತಿಲ್ಲ. ಎರೆ ಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ರಸ್ತೆ ಅಲೆ ಅಲೆಯಾಗುತ್ತದೆ. 12 ಮೀಟರಿಗೊಂದು ಅಲೆಯಿದ್ದರೆ 60ರ ವೇಗದಲ್ಲಿ 1.4 ಹರ್ಟ್ಜ್, ಕಾರಿನ ಬಾಡಿ ತೂಗುವುದೂ 1–2 ಹರ್ಟ್ಜ್‌ನಲ್ಲೇ. ಇದಕ್ಕೆ 4096 ಸ್ಯಾಂಪಲ್‌ನ ಎಫ್‌ಎಫ್‌ಟಿ (ಕಂಪನವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಸಾಲದು, 0.39 ಹರ್ಟ್ಜ್‌ಗೊಂದು ಗೆರೆ ಬರುತ್ತದೆ. 32768 ತಗೊಳ್ಳಿ, 21 ಸೆಕೆಂಡ್ ಓಟ ಸಾಕು. ದಾಖಲೆಯ ಎರಡೂ ತುದಿಗಳನ್ನು ಮೆಲ್ಲಗೆ ಸೊನ್ನೆಗೆ ಇಳಿಸುವ ಹ್ಯಾನ್ ವಿಂಡೋ ಹಾಕುವ ಮುನ್ನ ಸರಾಸರಿ ಕಳೆಯಿರಿ, ಇಲ್ಲದಿದ್ದರೆ ಗುರುತ್ವದ 1 ಜಿ ಸೊನ್ನೆ ಹರ್ಟ್ಜ್‌ನ ಪಕ್ಕದ ಗೆರೆಯನ್ನೂ ಮುಚ್ಚುತ್ತದೆ.