ಫೋನ್ ಸತ್ತಿತು, ಖಾತೆಗಳು ಉಳಿದವು

ಹೋದ ತಿಂಗಳು ನನ್ನ ಫೋನ್ ನೀರಿಗೆ ಬಿದ್ದು ಸತ್ತಿತು. ಹೊಸದು ತಂದ ದಿನವೇ, ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ, ಇನ್ನೂರು ಚಿಲ್ಲರೆ ಖಾತೆಗಳು ಮತ್ತೆ ಕೈಗೆ ಬಂದವು. "ಎಲ್ಲ ಪಾಸ್‌ವರ್ಡ್ ಒಂದೇ ಪೆಟ್ಟಿಗೆಯಲ್ಲಿಟ್ಟಿದ್ದೀಯ, ಬೀಗದಕೈ ಕಳೆದರೆ ಏನು ಗತಿ?" ಅಂತ ಮೂರು ವರ್ಷ ಕಾಡಿದ ಗೆಳೆಯ ಈಗ ತಾನೂ ಒಂದು ಪೆಟ್ಟಿಗೆ ಮಾಡಿಕೊಳ್ಳುತ್ತಿದ್ದಾನೆ.

ಪೆಟ್ಟಿಗೆ ಅಂದರೆ ಪಾಸ್‌ವರ್ಡ್‌ಗಳನ್ನು ಬೀಗ ಹಾಕಿಡುವ ಕೀಪಾಸ್‌ಎಕ್ಸ್‌ಸಿ ತಂತ್ರಾಂಶದ ಒಂದು ಫೈಲ್. ಫೋನಿಗೂ ಲ್ಯಾಪ್‌ಟಾಪಿಗೂ ಸಿಂಕ್‌ಥಿಂಗ್ ಅನ್ನುವ ಇನ್ನೊಂದು ತಂತ್ರಾಂಶ ಅದನ್ನು ಸಾಗಿಸುತ್ತದೆ. ಖರ್ಚು ಸೊನ್ನೆ. ಅದಕ್ಕೆ ಮೊದಲು ಎರಡು ವರ್ಷ ಬೇರೊಂದಕ್ಕೆ ಚಂದಾ ಕಟ್ಟಿದ್ದು ದಂಡ, ಅರ್ಧ ಪಾಸ್‌ವರ್ಡ್ ಬ್ರೌಸರಿನಲ್ಲೇ ಬಿದ್ದಿದ್ದವು. ಅಲ್ಲಿಂದ ಹೊರತೆಗೆದ ಸಿಎಸ್‌ವಿ ಫೈಲ್ ಡೌನ್‌ಲೋಡ್ ಫೋಲ್ಡರಿನಲ್ಲಿ ನಾಲ್ಕೈದು ತಿಂಗಳು ಹಾಗೇ ಇತ್ತು. ಎಲ್ಲ ಪಾಸ್‌ವರ್ಡ್ ಬರಿಗಣ್ಣಿಗೆ ಕಾಣುವ ಹಾಗೆ! ನೆನೆಸಿಕೊಂಡರೆ ಈಗಲೂ ಬೆವರುತ್ತೇನೆ.

ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಟ್ಟಿಗೆ ತಿದ್ದಿದರೆ ಫೈಲ್ ಎರಡಾಗುತ್ತದೆ. ನನಗೂ ಆಯಿತು. ಮರ್ಜ್ ಮಾಡಿ, ಅಂದರೆ ಎರಡನ್ನೂ ಒಂದಾಗಿಸಿ, ಸರಿಮಾಡಿದೆ. ಈಗ ತಿದ್ದುವುದು ಲ್ಯಾಪ್‌ಟಾಪಿನಲ್ಲಿ ಮಾತ್ರ.

ದೊಡ್ಡ ಪೆಟ್ಟು ಬಿದ್ದದ್ದು ಅದಕ್ಕೂ ಹಿಂದಿನ ಫೋನ್ ಕಳೆದಾಗ. ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆಗೆ ಕೇಳುವ ಆರಂಕಿ ಕೋಡ್ ಕೊಡುವ ಆ್ಯಪ್ ಅದರಲ್ಲೇ ಇತ್ತು, ಬ್ಯಾಕಪ್ ಇರಲಿಲ್ಲ. ಇಮೇಲ್ ಬಾಗಿಲು ಮುಚ್ಚಿತು. ಉಳಿದ ಖಾತೆಗಳ ರೀಸೆಟ್ ಲಿಂಕೆಲ್ಲ ಬರುವುದು ಅಲ್ಲಿಗೇ ಅಲ್ವಾ? ಹತ್ತು ಹನ್ನೊಂದು ದಿನ ಒದ್ದಾಡಿದೆ. ಈಗ ಅಂಥ ಆ್ಯಪ್‌ಗೆ ಖಾತೆ ಸೇರಿಸುವಾಗ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಮೊದಲೇ ಅದರ ಪಕ್ಕದ ಉದ್ದನೆ ಅಕ್ಷರಸಾಲನ್ನು ತೆಗೆದಿಡುತ್ತೇನೆ. ಆ ಸಾಲು ಮತ್ತು ಸರಿಯಾದ ಗಡಿಯಾರ ಇದ್ದರೆ ಸಾಕು, 30 ಸೆಕೆಂಡಿಗೊಂದು ಕೋಡ್ ಯಾವ ಸಾಧನದಲ್ಲಾದರೂ ಹುಟ್ಟುತ್ತದೆ. ಸಿಮ್ಮೂ ಬೇಡ, ನೆಟ್ಟೂ ಬೇಡ. ಆದರೆ ಅದನ್ನು ಪಾಸ್‌ವರ್ಡ್ ಇರುವ ಫೈಲಿಗೇ ಹಾಕುವುದಿಲ್ಲ. ಅದಕ್ಕೆ ಬೇರೆ ಫೈಲ್, ಬೇರೆ ಬೀಗ. ಇದು ಅತಿಯಾಯಿತು ಅನ್ನುವವರಿದ್ದಾರೆ, ಅನ್ನಲಿ.

ಹಾರ್ಡ್‌ವೇರ್ ಕೀ, ಅಂದರೆ ಲಾಗಿನ್ ಆಗುವಾಗ ಗುರುತು ಸಾಬೀತು ಮಾಡುವ ಪುಟ್ಟ ಸಾಧನ, ಇದರ ವಿಷಯದಲ್ಲಿ ಜಿಪುಣತನ ಮಾಡಿ ಒಂದೇ ಕೊಂಡೆ. ಅದಕ್ಕೆ ನಕಲು ಮಾಡಲಾಗುವುದಿಲ್ಲ, ಕಳೆದರೆ ಹೋಯಿತು. ಆರು ತಿಂಗಳು ಭಯದಲ್ಲೇ ಓಡಾಡಿ ಎರಡನೆಯದಕ್ಕೂ ದುಡ್ಡು ಸುರಿದೆ, ಎಲ್ಲ ಕಡೆ ಮತ್ತೆ ನೋಂದಾಯಿಸಿದೆ. ಕೊಳ್ಳುವುದಾದರೆ ಜೋಡಿ ಕೊಳ್ಳಿ. ದುಡ್ಡು ದಂಡವಲ್ಲ. ಒಮ್ಮೆ ನಕಲಿ ಲಾಗಿನ್ ಪುಟಕ್ಕೆ ನಾನು, ಇಷ್ಟೆಲ್ಲ ಗೊತ್ತಿದ್ದ ನಾನು, ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದೆ. ಕೀ ಮಾತ್ರ ಮೋಸಹೋಗಲಿಲ್ಲ. ವಿಳಾಸ ಬೇರೆ ಅಂದರೆ ಅದು ಬಾಯಿ ಬಿಡುವುದಿಲ್ಲ.

ನಡುವೆ ಒಂದು ಹುಚ್ಚು. ದಾಳ ಎಸೆದು ಪಟ್ಟಿಯಿಂದ ಪದ ಆರಿಸಿ, ಅವನ್ನು ಜೋಡಿಸಿ ಪಾಸ್‌ವರ್ಡ್ ಮಾಡುವುದಕ್ಕೆ ಡೈಸ್‌ವೇರ್ ಅನ್ನುತ್ತಾರೆ. ಅದರ ಪಟ್ಟಿಯಲ್ಲಿ 7,776 ಪದ, ಪದಕ್ಕೆ ಐದು ದಾಳ. ಕನ್ನಡದಲ್ಲೇ ಮಾಡೋಣ ಅಂತ ನಾಲ್ಕು ದಾಳಕ್ಕೆ ಸಾಕಾಗುವಷ್ಟು, 1,296 ಪದ ಕೂಡಿಹಾಕಿದೆ. ಪಟ್ಟಿ ಚಿಕ್ಕದಾದ್ದರಿಂದ ಆರು ಪದದ ಬದಲು ಎಂಟು ಬೇಕಾದವು. ಅದು ತೊಂದರೆಯಲ್ಲ. ಕನ್ನಡ ಲಿಪಿಯಲ್ಲೇ ಟೈಪ್ ಮಾಡಿದ್ದು ತಪ್ಪಾಯಿತು. ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರದ ಪಕ್ಕ ಕಣ್ಣಿಗೆ ಕಾಣದ ಒಂದು ಅಕ್ಷರ ತುರುಕುತ್ತವೆ, ಕೆಲವು ತುರುಕುವುದಿಲ್ಲ. ನೋಡಲು ಪದ ಒಂದೇ, ಕಂಪ್ಯೂಟರಿಗೆ ಬೇರೆ. ಪರದೆಯಲ್ಲಿ ಬರೀ ಚುಕ್ಕೆ! ಒಂದು ಪರೀಕ್ಷಾ ಫೈಲ್ ಇವತ್ತಿಗೂ ತೆರೆದಿಲ್ಲ. ಕೊನೆಗೆ ಅವೇ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಳ, ಣ ಇರುವ ಪದಗಳನ್ನು ಕಿತ್ತು ಬೇರೆ ಸೇರಿಸಿದೆ, ಇಲ್ಲದಿದ್ದರೆ ಕಾಗುಣಿತದ ಗೊಂದಲ.

ಮೂರು ತಿಂಗಳಿಗೊಮ್ಮೆ "ಫೋನ್ ಹೋಯಿತು" ಅಂದುಕೊಂಡು ಹಳೆ ಫೋನಿನಲ್ಲಿ ಎಲ್ಲ ಮರಳಿ ಕಟ್ಟುತ್ತೇನೆ. ಮೊದಲ ಸಲ ನಾಲ್ಕು ಗಂಟೆ ಹಿಡಿದಿತ್ತು. ಎರಡನೇ ಸಲ, ಫೋನ್ ಇಲ್ಲದಾಗ ಖಾತೆಯೊಳಗೆ ಹೋಗಲು ಮುದ್ರಿಸಿಟ್ಟ ಬ್ಯಾಕಪ್ ಕೋಡ್‌ಗಳು ಹಳೆಯವು ಅಂತ ಗೊತ್ತಾಯಿತು. ಹೊಸದಾಗಿ ಮುದ್ರಿಸಿದೆ.

ಆ ಕಾಗದ ಎಲ್ಲಿದೆ ಅಂತ ಗೆಳೆಯ ಮೊನ್ನೆ ಕೇಳಿದ. ಅದು ನನಗೂ ನನ್ನ ಅಕ್ಕನಿಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಅಕ್ಕನಿಗೂ ಪೂರ್ತಿ ಗೊತ್ತಿಲ್ಲ.