ಮರದ ನೆರಳಲ್ಲಿ ಕಳ್ಳಿ ಸಾಕಿದ್ದು

ಚಿಕ್ಕಮಗಳೂರಿನ ಹತ್ತಿರ, ಆಲ್ದೂರಿನ ಕಡೆ ನಮ್ಮ ಮನೆ. ಹಿಂದೆ ಕಾಫಿ ತೋಟ, ಪಕ್ಕದಲ್ಲಿ ಹಲಸಿನ ಮರ, ಗೇಟಿನವರೆಗೂ ಸಿಲ್ವರ್ ಓಕ್ ಸಾಲು. ಅಂಗಳದಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗವೇ ಇಲ್ಲ. ಇಂಥ ಕಡೆ ಕ್ಯಾಕ್ಟಸ್, ಸಕ್ಯುಲೆಂಟ್ (ದಪ್ಪ ಎಲೆ, ಕಾಂಡದಲ್ಲಿ ನೀರು ಹಿಡಿದಿಡುವ ಗಿಡ) ಬೆಳೆಸುತ್ತೇನೆ ಅಂದರೆ ಜನ ನಗುತ್ತಾರೆ. ಆದರೆ ಸರಿಯಾದ ಗಿಡ ಆರಿಸಿಕೊಂಡರೆ ನೆರಳು ಅಂಥ ತೊಂದರೆ ಕೊಡುವುದಿಲ್ಲ. ನಮ್ಮಲ್ಲಿ ಈ ಗಿಡಗಳನ್ನು ಕೊಲ್ಲುವುದು ಜಾಸ್ತಿ ಮಳೆಯೇ.

ನರ್ಸರಿಯಲ್ಲಿ ಗಿಡ ಕೈಗೆತ್ತಿಕೊಂಡಾಗ ನಾನು ಯೋಚಿಸುವುದು ಇದರ ತವರು ಯಾವುದು ಅಂತ. ಕ್ಯಾಕ್ಟಸ್ ಎಲ್ಲ ಮರಳುಗಾಡಿನದಲ್ಲ. ಕಾಡಿನಲ್ಲಿ ಮರದ ಕೊಂಬೆ ಮೇಲೆ ಬೆಳೆಯುವ ಕ್ಯಾಕ್ಟಸ್‌ಗಳೂ ಇವೆ. ನಮ್ಮ ಮನೆಗಳಲ್ಲಿ ಮಳೆಗಾಲದ ರಾತ್ರಿ ಅರಳುವ ಬ್ರಹ್ಮಕಮಲ ಇದೆಯಲ್ಲ, ಅದೂ ಒಂದು ಕ್ಯಾಕ್ಟಸೇ. ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡಿನದು. ಎಲೆ ಅಂತ ನಾವು ನೋಡುವುದು ಅದರ ಚಪ್ಪಟೆ ಕಾಂಡ. ಅದರ ಅಂಚಿನ ಕಚ್ಚಿನಲ್ಲೇ ಮೊಗ್ಗು ಬರುತ್ತದೆ. ಇದನ್ನು ಅರೆನೆರಳಲ್ಲಿ ತಲೆಮಾರುಗಳಿಂದ ಬೆಳೆಸಿದವರು ನಾವು. ಹಾಗಿದ್ದ ಮೇಲೆ ಅದರ ನೆಂಟರು ಯಾಕೆ ಬರಬಾರದು?

ನನಗೆ ತುಂಬ ಹಿಡಿಸಿದ್ದು ಕ್ರಿಸ್ಮಸ್ ಕ್ಯಾಕ್ಟಸ್. ಆಗ್ನೇಯ ಬ್ರೆಜಿಲ್‌ನ ಕರಾವಳಿ ಬೆಟ್ಟಗಳಲ್ಲಿ, ಪಾಚಿ ಕಟ್ಟಿದ ಕೊಂಬೆ, ಬಂಡೆಗಳ ಮೇಲೆ ಬೆಳೆಯುವ ಗಿಡ ಇದು. ಮಂಜು, ಮಳೆ, ಮರದ ನೆರಳು ಎಲ್ಲ ಅಲ್ಲೂ ಇದೆ. ರಾತ್ರಿ ಉದ್ದವಾಗಿ, ಚಳಿ ಶುರುವಾದ ಮೇಲೆ ಮೊಗ್ಗು ಬಿಡುತ್ತದೆ. ಚಿಕ್ಕಮಗಳೂರು 1,000 ಮೀಟರಿಗೂ ಎತ್ತರದಲ್ಲಿದೆ, ನವೆಂಬರ್ ಚಳಿ ಅದಕ್ಕೆ ಸಾಕು. ಕಾಂಡದ ತುದಿಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಚುಕ್ಕಿ ಕಂಡರೆ ಅದೇ ಮೊಗ್ಗು. ಆಮೇಲೆ ಕುಂಡದ ಜಾಗ ಬದಲಿಸಬೇಡಿ, ಮೊಗ್ಗು ಉದುರುತ್ತದೆ. ರಾತ್ರಿಯಿಡೀ ಬಲ್ಬು ಉರಿಯುವ ಜಗಲಿಯೂ ಬೇಡ. ಕತ್ತಲು ಸಿಗದಿದ್ದರೆ ಅದು ಮೊಗ್ಗನ್ನೇ ಬಿಡುವುದಿಲ್ಲ. "ಮುಳ್ಳಿನ ಗಿಡ ಮನೆ ಮುಂದೆ ಬೇಡಮ್ಮ" ಅಂತಿದ್ದ ನಮ್ಮ ಅತ್ತೆ ಇದನ್ನು ಮಾತ್ರ ತಾವೇ ಮೆಟ್ಟಿಲ ಪಕ್ಕ ಇಡಿಸಿದರು. ಮುಳ್ಳಿಲ್ಲ ಅಲ್ವಾ, ಹಾಗಾಗಿ ಪಾಸ್.

ರಿಪ್ಸಾಲಿಸ್ ಕೂಡ ಇದೇ ಥರದ ಕಾಡು ಕ್ಯಾಕ್ಟಸ್. ದಾರದಂಥ ಹಸಿರು ಕಾಂಡ ಕೆಳಗೆ ಇಳಿಬೀಳುತ್ತದೆ. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು ತುಂಬಿದ ಬುಟ್ಟಿಯಲ್ಲಿ ನೆಟ್ಟು ತೂಗುಹಾಕಿದರೆ ಆಯಿತು.

ಇನ್ನು ಪೊದೆಗಳ ಬುಡದಲ್ಲಿ ಬೆಳೆಯುವ ಗುಂಪು. ದಕ್ಷಿಣ ಆಫ್ರಿಕಾದ ಹಾವರ್ಥಿಯಾ, ಗ್ಯಾಸ್ಟೇರಿಯಾ ಎಂಬ ಪುಟ್ಟ ಸಕ್ಯುಲೆಂಟ್‌ಗಳು ಇಂಥವು. ಕೆಲವು ಹಾವರ್ಥಿಯಾಗಳ ಎಲೆಯ ತುದಿ ಪಾರದರ್ಶಕ. ಬೆಳಕು ಅದರ ಮೂಲಕವೇ ಒಳಗೆ ಹೋಗುತ್ತದೆ. ಇವಕ್ಕೆ ಬೆಳಗಿನ ಎಳೆ ಬಿಸಿಲು ಎರಡು ಮೂರು ಗಂಟೆ ಸಿಕ್ಕರೆ ಸಾಕು. ಜಾಸ್ತಿ ಬಿಸಿಲು ಬಿದ್ದರೆ ಕೆಂಪಗಾಗಿ ತಾವೇ ಹೇಳುತ್ತವೆ. ಸ್ನೇಕ್ ಪ್ಲಾಂಟ್ ಬಗ್ಗೆ ಬರೆಯುವುದೇನೂ ಇಲ್ಲ, ಎಲ್ಲಿಟ್ಟರೂ ಬದುಕುತ್ತದೆ, ಬುಡದಲ್ಲಿ ನೀರು ನಿಲ್ಲಬಾರದು ಅಷ್ಟೆ.

ನಾನು ತರದೇ ಬಿಡುವುದು ಜಾಸ್ತಿ ಬಿಸಿಲು ಕೇಳುವ ಗಿಡಗಳನ್ನು: ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡ ಎಚಿವೇರಿಯಾ, ಬೆಣಚುಕಲ್ಲಿನಂತೆ ಕಾಣುವ ಲಿಥಾಪ್ಸ್, ಚೆಂಡಿನಂಥ ಗೋಲ್ಡನ್ ಬ್ಯಾರಲ್ ಕ್ಯಾಕ್ಟಸ್. ನರ್ಸರಿಯಲ್ಲಿ ನೋಡಿದರೆ ಆಸೆಯಾಗುತ್ತದೆ, ನಿಜ. ಆದರೆ ನೆರಳಲ್ಲಿ ಎಚಿವೇರಿಯಾದ ಕಾಂಡ ಬೆಳಕು ಹುಡುಕುತ್ತಾ ಉದ್ದವಾಗುತ್ತದೆ, ಎಲೆಗಳು ದೂರ ದೂರವಾಗಿ ಕೆಳಗೆ ಬಾಗುತ್ತವೆ. ಒಮ್ಮೆ ಉದ್ದವಾದದ್ದು ಮತ್ತೆ ಗಿಡ್ಡ ಆಗಲ್ಲ. ತಲೆ ಕತ್ತರಿಸಿ ಬೇರೆ ನೆಡಬೇಕು. ಕಡೂರು, ಅರಸೀಕೆರೆ ಕಡೆಯವರಾದರೆ ಇವನ್ನು ಧೈರ್ಯವಾಗಿ ತಗೊಳ್ಳಿ. ಅಲ್ಲಿನ ಬಿಸಿಲೇ ಬೇರೆ.

ಜಾಗ ಆರಿಸುವಾಗ ಮಾರ್ಚಿನ ಬೆಳಕು ನೋಡಿ ಮೋಸಹೋಗಬೇಡಿ. ಮೇ ತಿಂಗಳಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರುತ್ತಾನೆ, ಮಳೆ ಹಿಡಿದ ಮೇಲೆ ಮೋಡದ ಹಿಂದೆ ಬೇರೆ. ಡಿಸೆಂಬರಿನಲ್ಲಿ ದಕ್ಷಿಣದ ಜಗಲಿಗೆ ಓರೆಯಾಗಿ ಒಳಗೇ ಬರುತ್ತಾನೆ. ಜುಲೈ ಮಧ್ಯಾಹ್ನ ಬಿಳಿ ಕಾಗದದ ಮೇಲೆ ಕೈ ಹಿಡಿದು ನೋಡಿ. ಮಬ್ಬಾಗಿಯಾದರೂ ಕೈಯ ನೆರಳು ಬಿದ್ದರೆ ಹಾವರ್ಥಿಯಾಗೆ ಆ ಜಾಗ ನಡೆಯುತ್ತದೆ. ನೆರಳೇ ಬೀಳದಿದ್ದರೆ ಸ್ನೇಕ್ ಪ್ಲಾಂಟ್ ಬಿಟ್ಟು ಬೇರೇನೂ ಇಡಬೇಡಿ.

ಮಳೆಗಾಲಕ್ಕೆ ಕುಂಡಗಳೆಲ್ಲ ಸೂರಿನ ಕೆಳಗೆ ಬರುತ್ತವೆ, ಗೋಡೆಗೆ ಒತ್ತಿ. ಸೂರಿನ ಅಂಚಿನಲ್ಲಿಟ್ಟರೆ ಎರಚಲು ಹೊಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾವರ್ಥಿಯಾಗೆ ನೀರು ಹಾಕುವುದೇ ಅಪರೂಪ, ಗಾಳಿಯಲ್ಲೇ ಅಷ್ಟು ತೇವ. ಮಣ್ಣಿಗೆ ಎರಡು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು, ಒಂದು ಪಾಲು ಹಳೆ ಗೊಬ್ಬರ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ತೊಳೆದು ಧೂಳು ತೆಗೆಯಿರಿ, ಇಲ್ಲದಿದ್ದರೆ ಕೆಳಗೆ ಹೆಪ್ಪುಗಟ್ಟುತ್ತದೆ. ಮಣ್ಣಿನ ಕುಂಡವೇ ಒಳ್ಳೆಯದು.

ತೋಟದ ಪಕ್ಕ ಇದ್ದ ಮೇಲೆ ಹಿಟ್ಟು ತಿಗಣೆ ಬಂದೇ ಬರುತ್ತದೆ. ಕುಂಡದಲ್ಲಿ ಇರುವೆ ಓಡಾಡಿದರೆ ಎಲೆಯ ಸಂದು ಬಿಡಿಸಿ ನೋಡಿ, ಬಿಳಿ ಹತ್ತಿ ಕಾಣುತ್ತದೆ. ಹಳೇ ಟೂತ್‌ಬ್ರಷ್, ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು. ಬಸವನಹುಳುವಿಗೆ ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ದಾರಿ.

ಇನ್ನೊಂದು ವಿಷಯ ಮರಗಸಿ. ಮಳೆಗೆ ಮುಂಚೆ ತೋಟದ ಮರಗಳ ಕೊಂಬೆ ಇಳಿಸಿದಾಗ ನೆರಳಿನ ಗಿಡದ ಮೇಲೆ ದಿಢೀರ್ ಬಿಸಿಲು ಬೀಳುತ್ತದೆ. ಎಲೆ ಸುಟ್ಟು ಬೆಳ್ಳಗಾದ ಕಲೆ ಮತ್ತೆ ಹೋಗಲ್ಲ. ಕೆಲಸದವರು ಬರುತ್ತಾರೆ ಅಂತ ಗೊತ್ತಾದ ಕೂಡಲೇ ಕುಂಡಗಳನ್ನೆಲ್ಲ ಹಲಸಿನ ಬುಡಕ್ಕೆ ಸಾಗಿಸುತ್ತೇನೆ. ಆ ಮರಕ್ಕೆ ಕತ್ತಿ ಹಾಕಲು ನಮ್ಮತ್ತೆ ಬಿಡುವುದಿಲ್ಲ.