ಬಸ್ಸು ಹತ್ತುವ ಮುಂಚೆ ಸುದ್ದಿ ಮುಟ್ಟಬೇಕು: ಹಳ್ಳಿ ಕ್ಲಿನಿಕ್ಕಿನ ನನ್ನ ಅನುಭವ

ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಸಣ್ಣ ಕ್ಲಿನಿಕ್ ನಡೆಸುತ್ತೇನೆ. ಮಲೆನಾಡಿನ ಮನೆಗಳು ಗೊತ್ತಲ್ಲ, ಒಂದು ಇಲ್ಲಿ, ಇನ್ನೊಂದು ಗುಡ್ಡದ ಆಚೆ. ನಡುವೆ ತೋಟ, ಗದ್ದೆ, ಹಳ್ಳ. ಬಸ್ಸು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಕ್ಲಿನಿಕ್ಕಿನ ಫೋನಿಗೆ ದಿನವಿಡೀ ಬರುವ ಪ್ರಶ್ನೆ ಒಂದೇ: "ಡಾಕ್ಟ್ರು ಇದಾರಾ?"

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಡಿಕೆ ಕೊಯ್ಲಿನ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದವಳಿಗೆ ಬಾಗಿಲು ಹಾಕಿದ್ದು ಕಂಡರೆ ಅವಳು ನಾಳೆ ಬರುವುದಿಲ್ಲ. ಕಾಯಿಲೆ ಜೋರಾದ ಮೇಲೆ ಬರುತ್ತಾಳೆ. ಹಾಗಾಗಿ ನಾನು ಮೊದಲು ಹಿಡಿದ ಕೆಲಸವೇ ಇದು. ನಾನು ಇದ್ದೇನೋ ಇಲ್ಲವೋ ಎಂಬುದು ಜನ ಬಸ್ಸು ಹತ್ತುವ ಮುಂಚೆಯೇ ಅವರಿಗೆ ಗೊತ್ತಾಗಬೇಕು.

ಬೆಳಗ್ಗೆ ಹೊತ್ತು ಮೂಡುವಾಗ ನಮ್ಮಲ್ಲಿ ಎಲ್ಲರೂ ಹಾದು ಹೋಗುವ ಜಾಗ ಹಾಲಿನ ಡೈರಿ. ಹಾಲು ಹಾಕದ ಮನೆಯವರ ಪಕ್ಕದ ಮನೆಯವರಾದರೂ ಅಲ್ಲಿಗೆ ಬಂದೇ ಬರುತ್ತಾರೆ. ಡೈರಿಯವರನ್ನು ಕೇಳಿ ಗೋಡೆಗೆ ಒಂದು ತಗಡಿನ ಬೋರ್ಡು ಹೊಡೆಸಿದೆ. ಸೀಮೆಸುಣ್ಣದಲ್ಲಿ ಬರೆದರೆ ಜೂನ್ ಬಂತೆಂದರೆ ಎರಚಲು ಹೊಡೆದು ಅಳಿಸಿ ಹೋಗುತ್ತದೆ. ಅದಕ್ಕೆ ಬೋರ್ಡಿಗೆ ಎರಡು ಕೊಕ್ಕೆ ಇದೆ. ನೇತು ಹಾಕಲು ಪೇಂಟ್ ಮಾಡಿದ ಸಣ್ಣ ತಗಡುಗಳಿವೆ. ಹಸಿರು ತಗಡು: "ಡಾಕ್ಟರ್ ಇದ್ದಾರೆ". ಕೆಂಪು: "ಇವತ್ತು ಇಲ್ಲ". ಹಳದಿ: "ಮಧ್ಯಾಹ್ನ 3ರ ಮೇಲೆ". ಓದಲು ಬಾರದವರಿಗೂ ಬಣ್ಣ ಗೊತ್ತಾಗುತ್ತದೆ. ಹಿಂದಿನ ದಿನ ಸಂಜೆಯೇ ತಗಡು ಬದಲಾಯಿಸುವುದು ನಮ್ಮ ಕ್ಲಿನಿಕ್ಕಿನ ಹುಡುಗಿಯ ಕೆಲಸ. ಬೆಳಗಿನ ಬಸ್ಸಿನ ಕಂಡಕ್ಟರ್ ಕೂಡ ಈಗ ಬೋರ್ಡು ನೋಡಿಯೇ ಹೋಗುತ್ತಾರೆ. ಮುಂದಿನ ಸ್ಟಾಪಿನಲ್ಲಿ ಯಾರಾದರೂ ಕೈ ಅಡ್ಡ ಹಾಕಿ ಕೇಳಿದರೆ ಅವರೇ ಹೇಳಿಬಿಡುತ್ತಾರೆ.

ಫೋನ್ ಇರುವಾಗ ಬೋರ್ಡು ಯಾಕೆ ಅಂತ ಪಟ್ಟಣದ ಸ್ನೇಹಿತರು ಕೇಳುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಬಂದು ಇರಬೇಕು ಅವರು. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಟವರೂ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಆ ಸ್ಥಿತಿಯಲ್ಲೂ ಡೈರಿಗೆ ಹಾಲು ಬರುತ್ತದೆ.

ಉಳಿದ ಕಾಲಕ್ಕೆ ವಾಟ್ಸಾಪ್ ಇದೆ. ನಾನು ಗ್ರೂಪ್ ಮಾಡಲಿಲ್ಲ. ಬೇಕೆಂದೇ ಮಾಡಲಿಲ್ಲ. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಯಾರು ಯಾವ ಡಾಕ್ಟರ ಹತ್ತಿರ ಹೋಗುತ್ತಾರೆ ಅನ್ನುವುದೂ ಊರಿಗೆಲ್ಲ ಗೊತ್ತಾಗುತ್ತದೆ. ಜೊತೆಗೆ ಶುಭೋದಯದ ಚಿತ್ರಗಳ ನಡುವೆ ಮುಖ್ಯವಾದ ಮಾತು ಮುಳುಗಿ ಹೋಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಒಳ್ಳೆಯದು. ಒಂದು ಪಟ್ಟಿಗೆ 256 ನಂಬರ್ ಸೇರಿಸಬಹುದು, ಸಂದೇಶ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ಒಂದು ವಿಷಯ ನೆನಪಿಡಬೇಕು. ನಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿರದಿದ್ದರೆ ಸಂದೇಶ ಅವರಿಗೆ ಹೋಗುವುದೇ ಇಲ್ಲ. ಅದಕ್ಕೇ ಚೀಟಿ ಮಾಡಿಸುವಾಗಲೇ, ಅವರು ಒಪ್ಪಿದರೆ, ನಮ್ಮ ಹುಡುಗಿ ಅವರ ಫೋನ್ ತೆಗೆದುಕೊಂಡು ಕ್ಲಿನಿಕ್ಕಿನ ನಂಬರ್ ಸೇವ್ ಮಾಡಿ ಕೊಡುತ್ತಾಳೆ.

ಬರೆದು ಕಳಿಸುವುದಕ್ಕಿಂತ ಮಾತಾಡಿ ಕಳಿಸುವುದು ಜಾಸ್ತಿ. ಅಜ್ಜಿಯರು ಓದುವುದಿಲ್ಲ, ಆದರೆ ಮೊಮ್ಮಗನ ಕೈಲಿ ಒತ್ತಿಸಿ ಕೇಳುತ್ತಾರೆ. ಒಂದು ನಿಮಿಷ ಮೀರಬಾರದು. ಒಂದು ಸಂದೇಶಕ್ಕೆ ಒಂದೇ ವಿಷಯ. ಕ್ಲಿನಿಕ್ಕಿನಲ್ಲಿ ಎದುರು ಕೂತಾಗ ಹೇಗೆ ಮಾತಾಡುತ್ತೇನೋ ಹಾಗೆಯೇ ಹೇಳುತ್ತೇನೆ. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದು ಸುಮ್ನೆ ಹೇಳಿದರೆ ನಮ್ಮ ಕಡೆ ಸಾಲದು. ಬೆಳಗಿನ ಟೀಯನ್ನು ಇಲ್ಲಿ ಯಾರೂ ತಿಂಡಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಏನೂ ತಿಂದಿಲ್ಲ ಡಾಕ್ಟ್ರೇ, ಒಂದು ಲೋಟ ಟೀ ಅಷ್ಟೇ" ಅನ್ನುತ್ತಾರೆ. ಆ ಲೋಟದಲ್ಲಿ ಎರಡು ಚಮಚ ಸಕ್ಕರೆ. ಅದಕ್ಕೆ ಸಕ್ಕರೆ ಪರೀಕ್ಷೆಯ ಹಿಂದಿನ ಸಂಜೆ ಹೀಗೆ ಹೇಳಿ ಕಳಿಸುತ್ತೇನೆ: "ರಾತ್ರಿ ಊಟ ಆದ ಮೇಲೆ ಏನೂ ಬೇಡ. ಬೆಳಗ್ಗೆ ಟೀ, ಕಾಫಿ, ಹಾಲು, ಕಷಾಯ ಯಾವುದೂ ಬೇಡ. ಬರೀ ನೀರು ಕುಡಿಯಿರಿ. ಸಕ್ಕರೆ ಮಾತ್ರೆ ಜೊತೆಗೆ ತನ್ನಿ, ರಕ್ತ ಕೊಟ್ಟಾದ ಮೇಲೆ ನುಂಗುವಿರಂತೆ. ಬಿಪಿ ಮಾತ್ರೆ ದಿನದ ಹಾಗೇ ತೆಗೆದುಕೊಳ್ಳಿ." ಇಷ್ಟು ಬಿಡಿಸಿ ಹೇಳಿದರೆ ಯಾರೂ ಸುಮ್ನೆ ಬಂದು ವಾಪಸ್ ಹೋಗಬೇಕಾಗಿಲ್ಲ.

ಎಲ್ಲರಿಗೂ ಹೇಳುವ ಸುದ್ದಿ ಸುಲಭ. ಒಬ್ಬರಿಗೆ ಮಾತ್ರ ಹೇಳಬೇಕಾದ ಸುದ್ದಿ ಕಷ್ಟ. ಹಳ್ಳಿಯಲ್ಲಿ ಫೋನ್ ಅನ್ನುವುದು ಮನೆಯದು, ಒಬ್ಬರದಲ್ಲ. ಅತ್ತೆಯ ರಿಪೋರ್ಟಿನ ಬಗ್ಗೆ ಫೋನ್ ಮಾಡಿದರೆ ಎತ್ತುವುದು ಮೈದುನ. ಸೊಸೆಯ ಗರ್ಭದ ಪರೀಕ್ಷೆಯ ಸುದ್ದಿ ಅವಳಿಗಿಂತ ಮುಂಚೆ ಮನೆಯವರಿಗೆಲ್ಲ ತಿಳಿದುಬಿಡುತ್ತದೆ. ಅದಕ್ಕೆ ನಮ್ಮ ಚೀಟಿಯಲ್ಲಿ ಹೆಸರು, ವಯಸ್ಸಿನ ಕೆಳಗೆ ಎರಡು ಸಾಲು ಇವೆ. "ಈ ಫೋನ್ ಯಾರದು?" "ನಿಮ್ಮ ವಿಷಯ ಬೇರೆ ಯಾರಿಗೆ ಹೇಳಬಹುದು?" ಎರಡನೆಯದಕ್ಕೆ "ಯಾರಿಗೂ ಬೇಡ" ಎಂದು ಹೇಳುವವರು ಇದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಮಗ ಹೇಳಿದ, ಗಂಡ ಕೇಳಿದ ಅಂತ ಆ ಸಾಲನ್ನು ನಾವು ಮೀರುವುದಿಲ್ಲ. ನಮ್ಮ ಹುಡುಗಿಗೂ ಇದೇ ಮೊದಲ ಪಾಠ.

ಕ್ಷಯ, ಎಚ್ಐವಿ, ಗರ್ಭ, ಮನಸ್ಸಿನ ಕಾಯಿಲೆ, ಇವನ್ನು ನಾನು ಫೋನಿನಲ್ಲಿ ಹೇಳುವುದಿಲ್ಲ, ಬರೆದೂ ಕಳಿಸುವುದಿಲ್ಲ. ಎದುರು ಕೂರಿಸಿಕೊಂಡೇ ಹೇಳುವುದು. ಹಾಗಂತ "ಡಾಕ್ಟರ್ ನಿಮ್ಮನ್ನು ನೋಡಬೇಕಂತೆ" ಎಂದು ಹೇಳಿ ಕಳಿಸಿದರೆ ಆ ರಾತ್ರಿ ಯಾರೂ ನಿದ್ದೆ ಮಾಡುವುದಿಲ್ಲ. ಅದಕ್ಕೆ ಹೊರಡುವಾಗಲೇ ಮುಂದಿನ ದಿನ ಗೊತ್ತು ಮಾಡಿಬಿಡುತ್ತೇನೆ: ರಿಪೋರ್ಟ್ ಚೆನ್ನಾಗಿದ್ದರೂ ಇಲ್ಲದಿದ್ದರೂ ಬರುವ ಸಂತೆಯ ದಿನ ಬಂದು ಹೋಗಿ. ಸಂತೆಗೆ ಹೇಗೂ ಬರುತ್ತಾರೆ. ಯಾಕೆ ಬಂದರು ಅಂತ ಯಾರೂ ಕೇಳುವುದಿಲ್ಲ.

ಔಷಧಿ ಚೀಟಿಯ ವಿಷಯಕ್ಕೆ ಬರುತ್ತೇನೆ. ಔಷಧಿಯ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬಿಡಿಸಿ ಬರೆಯುತ್ತೇನೆ. ಅಂಗಡಿಯವರಿಗೂ, ನಾಳೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋದರೆ ಅಲ್ಲಿನವರಿಗೂ ಅದು ಬೇಕು. ಅದರ ಕೆಳಗೆ ಕನ್ನಡದಲ್ಲಿ ಮೂರು ಮಾತು: ಯಾಕೆ, ಯಾವಾಗ, ಎಲ್ಲಿಯವರೆಗೆ. "ಬಿಪಿಗೆ. ಬೆಳಗ್ಗೆ ಒಂದು. ನಾನು ಹೇಳುವವರೆಗೆ ನಿಲ್ಲಿಸಬೇಡಿ." ಈ ಕೊನೆಯ ಮಾತಿಲ್ಲದಿದ್ದರೆ ಮಾತ್ರೆಯ ಸ್ಟ್ರಿಪ್ ಖಾಲಿಯಾದ ದಿನ ಚಿಕಿತ್ಸೆಯೂ ಮುಗಿಯಿತು ಅಂತ ಜನ ತಿಳಿಯುತ್ತಾರೆ. ಬಿಪಿ ಹತೋಟಿಗೆ ಬಂದಿರುವುದು ಮಾತ್ರೆಯಿಂದಲೇ ಅನ್ನುವುದನ್ನು ಪ್ರತಿಸಲ ಬಾಯಲ್ಲೂ ಹೇಳಬೇಕು.

ದೊಡ್ಡಾಸ್ಪತ್ರೆಯಿಂದ ವಾಪಸ್ ಬಂದವರದ್ದು ಇನ್ನೊಂದು ಪಾಡು. ಕೈಯಲ್ಲಿ ದಪ್ಪ ಫೈಲು, ಎಲ್ಲ ಇಂಗ್ಲಿಷು. ಎದೆಗೆ ಸ್ಟೆಂಟ್ ಹಾಕಿದ್ದಾರೆ ಅನ್ನುವುದು ಗೊತ್ತು, ರಕ್ತ ತೆಳುವಾಗಿಸುವ ಮಾತ್ರೆ ಒಂದು ದಿನವೂ ತಪ್ಪಬಾರದು ಅನ್ನುವುದು ಗೊತ್ತಿರುವುದಿಲ್ಲ. ಹಲ್ಲು ಕೀಳಿಸುವಾಗ "ಎಲ್ಲ ಮಾತ್ರೆ ನಿಲ್ಲಿಸಿ ಬಾ" ಅಂತ ಯಾರೋ ಹೇಳುತ್ತಾರೆ, ಇವರು ನಿಲ್ಲಿಸಿಬಿಡುತ್ತಾರೆ. ಅಂಥವರಿಗೆ ನಾನು ಸಂಜೆ ಹೊತ್ತು ಕೊಡುತ್ತೇನೆ. ಫೈಲು ಪೂರ್ತಿ ಓದಿ, ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡುತ್ತೇನೆ: ಏನಾಗಿತ್ತು, ಏನು ಮಾಡಿದರು, ಯಾವ ಮಾತ್ರೆ ಕೇಳದೆ ನಿಲ್ಲಿಸಬಾರದು, ಏನಾದರೆ ತಕ್ಷಣ 108ಕ್ಕೆ ಫೋನ್ ಮಾಡಬೇಕು. ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕ್ಯಾಲೆಂಡರಿನ ಮೊಳೆಗೆ ನೇತು ಹಾಕಲು ಹೇಳುತ್ತೇನೆ. ಕ್ಯಾಲೆಂಡರನ್ನು ದಿನಕ್ಕೊಂದು ಸಲ ನೋಡದ ಮನೆ ನಮ್ಮಲ್ಲಿಲ್ಲ. ದಿನದ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಇದಕ್ಕೆ ಬೇರೆ ಫೀಸು ತೆಗೆದುಕೊಳ್ಳುವುದಿಲ್ಲ. ಫೀಸಿನ ಬೋರ್ಡು ಬಾಗಿಲಲ್ಲೇ ಇದೆ. ಖಾಸಗಿ ಕ್ಲಿನಿಕ್‌ಗಳು ಅದನ್ನು ಹಾಕಲೇಬೇಕು ಅನ್ನುವುದು ರಾಜ್ಯದ ಕಾನೂನು. ಬರುವವರಿಗೂ ಎಷ್ಟು ದುಡ್ಡು ಹಿಡಿದುಕೊಂಡು ಬರಬೇಕು ಅನ್ನುವುದು ಮೊದಲೇ ತಿಳಿಯುತ್ತದೆ.

ನಮ್ಮ ಭಾಗದಲ್ಲಿ ವರ್ಷದ ಅತಿ ಮುಖ್ಯ ಸಂದೇಶ ಮಂಗನ ಕಾಯಿಲೆಯದು. ಕಾಡಿನ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಕಚ್ಚಿ ಬರುವ ಜ್ವರ ಇದು. 1957ರಲ್ಲಿ ಈ ರೋಗ ಮೊದಲು ಗುರುತಾಗಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಜೀವ ಹೋಯಿತು ಅನ್ನುವುದನ್ನು ಇಲ್ಲಿನವರು ಮರೆತಿಲ್ಲ. ಹಳೆಯ ಲಸಿಕೆಯನ್ನು ಈಗ ಕೊಡುತ್ತಿಲ್ಲ. ರೋಗಕ್ಕೆಂದೇ ಇರುವ ಔಷಧಿಯೂ ಇಲ್ಲ. ಹಾಗಾಗಿ ಉಣುಗು ಕಚ್ಚದ ಹಾಗೆ ನೋಡಿಕೊಳ್ಳುವುದು, ಜ್ವರ ಬಂದ ಕೂಡಲೇ ಬರುವುದು, ಉಳಿದಿರುವ ದಾರಿ ಇವೆರಡೇ.

ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ ನಮ್ಮ ಜನ ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುತ್ತಾರೆ. ಉಣುಗಿನ ಮರಿಗಳು ಮುತ್ತುವುದೂ ಅದೇ ತಿಂಗಳುಗಳಲ್ಲಿ. "ಕಾಡಿಗೆ ಹೋಗಬೇಡಿ" ಅಂದರೆ ಯಾರೂ ಕೇಳುವುದಿಲ್ಲ, ಕೇಳಲು ಆಗುವುದೂ ಇಲ್ಲ. ಅದಕ್ಕೆ ಹೇಗೆ ಹೋಗಬೇಕು ಅನ್ನುವುದನ್ನು ಹೇಳುತ್ತೇನೆ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಆಶಾ ಕಾರ್ಯಕರ್ತೆಯರನ್ನು ಕೇಳಿ. ತುಂಬು ತೋಳಿನ ಅಂಗಿ ಹಾಕಿ. ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತಿಕ್ಕಿ ಸ್ನಾನ ಮಾಡಿ. ಕಂಕುಳು, ಸೊಂಟದ ಪಟ್ಟಿ, ಮಂಡಿಯ ಹಿಂದೆ ನೋಡಿಕೊಳ್ಳಿ. ಎಳೆ ಉಣುಗು ಎಳ್ಳಿಗಿಂತ ಸಣ್ಣದು, ಕಂಡೂ ಕಾಣದ ಹಾಗೆ ಇರುತ್ತದೆ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇನ್ನೊಂದು ಮಾತನ್ನು ಪ್ರತಿ ವರ್ಷ ಸೇರಿಸುತ್ತೇನೆ. ಒಮ್ಮೆಲೇ ಜ್ವರ, ತಲೆಸಿಡಿತ, ಸೊಂಟ ಮತ್ತು ಮೀನಖಂಡ ಮುರಿದು ಹಾಕುವ ನೋವು ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಬೇಡಿ. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತ ಸೋರುವ ಭಯ ಇರುತ್ತದೆ, ಆಸ್ಪಿರಿನ್, ಡೈಕ್ಲೋಫೆನಾಕ್‌ನಂಥವು ಅದನ್ನು ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ನನ್ನನ್ನು ಕೇಳಿ. ಕಿರಾಣಿ ಅಂಗಡಿಗಳಿಗೆ ನಾನೇ ಹೋಗಿ ಇದನ್ನು ಹೇಳಿದ್ದೇನೆ, ಯಾಕೆಂದರೆ ನಮ್ಮೂರಲ್ಲಿ ಜ್ವರದ ಮೊದಲ ಮಾತ್ರೆ ಸಿಗುವುದು ಅಲ್ಲೇ. ಅಂಗಡಿಯವರು ಈಗ "ಕಾಡಿಗೆ ಹೋಗಿದ್ರಾ?" ಎಂದು ಕೇಳಿ ನನ್ನ ಹತ್ತಿರ ಕಳಿಸುತ್ತಾರೆ. ಇದರಿಂದ ಜ್ವರದವರು ಬೇಗ ಬರುತ್ತಿದ್ದಾರೆ. ರಕ್ತವನ್ನು ಆರೋಗ್ಯ ಕೇಂದ್ರದ ಮೂಲಕ ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಲು ಸಮಯ ಸಿಗುತ್ತಿದೆ. ಜ್ವರ ಬಿಟ್ಟವರಿಗೂ ಇನ್ನೆರಡು ವಾರ ಎಚ್ಚರ ಇರಲಿ ಅನ್ನುತ್ತೇನೆ. ಕೆಲವರಿಗೆ ಈ ಜ್ವರ ಮರಳಿ ಬರುತ್ತದೆ.

ಹಾವು ಕಚ್ಚಿದರೆ ಏನು ಅನ್ನುವುದು ನಮ್ಮ ಬಾಗಿಲ ಮೇಲೆ ದೊಡ್ಡದಾಗಿ ಬರೆದಿದೆ: ಕಟ್ಟಬೇಡಿ, ಕುಯ್ಯಬೇಡಿ, ಹಾವು ಹುಡುಕಬೇಡಿ, 108. ಕೆಳಗೆ ತಾಲ್ಲೂಕು ಆಸ್ಪತ್ರೆಯ ನಂಬರ್. ಹಾವಿನ ವಿಷಕ್ಕೆ ಚುಚ್ಚುಮದ್ದು ಅಲ್ಲಿದೆಯೇ ಅಂತ ನಾನೇ ಆಗಾಗ ಫೋನ್ ಮಾಡಿ ಕೇಳಿಕೊಳ್ಳುತ್ತೇನೆ. ರಾತ್ರಿ ಕರೆ ಬಂದಾಗ ಎಲ್ಲಿಗೆ ಹೋಗಬೇಕು ಅನ್ನುವುದನ್ನು ತಡವಿಲ್ಲದೆ ಹೇಳಬೇಕಲ್ವಾ?

ಇಷ್ಟಾದರೂ ಬಿಟ್ಟುಹೋಗುವ ಮನೆಗಳಿವೆ. ಬೇರೆ ಜಿಲ್ಲೆಗಳಿಂದ ತೋಟದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಕುಟುಂಬಗಳು ಡೈರಿಗೆ ಬರುವುದಿಲ್ಲ, ನಮ್ಮ ಪಟ್ಟಿಯಲ್ಲೂ ಇಲ್ಲ. ದರಗು ಹೊರುವುದು ಮಾತ್ರ ಅವರೇ ಜಾಸ್ತಿ. ಈ ಸಲ ತೋಟದ ಯಜಮಾನರನ್ನು ಕೇಳಿಕೊಂಡು, ಬಟವಾಡೆಯ ದಿನ ಸಂಜೆ ಶೆಡ್ಡಿನ ಹತ್ತಿರವೇ ಹೋಗಿ ಮಾತಾಡಲು ಶುರು ಮಾಡಿದ್ದೇನೆ. ಎಣ್ಣೆ ಬಾಟಲಿ ಹಿಡಿದು ಆಶಾ ಕಾರ್ಯಕರ್ತೆಯೂ ಜೊತೆಗೆ ಬರುತ್ತಾರೆ.